ಪರದೆ ಮೇಲೆ ಬಂದರೂ ಅದು ‘ಪ್ರಿಂಟ್’ ಯಾಕೆ?

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರು ಮೊದಲ ದಿನವೇ ಬರೆಯುವ ಆದೇಶ ‘ಪ್ರಿಂಟ್’. ಓಡಿಸಿದರೆ ಅಕ್ಷರ ಮೂಡುವುದು ಪರದೆಯ ಮೇಲೆ. ಪ್ರಿಂಟರ್ ಇದ್ದರೂ ಅದು ಮಿಸುಕುವುದಿಲ್ಲ. ಮತ್ತೆ ಈ ಹೆಸರು ಯಾಕೆ? ಆ ಪದ ಕಂಪ್ಯೂಟರಿಗೆ ಬಂದ ಕಾಲದಲ್ಲಿ ಹೆಚ್ಚಿನವರ ಮುಂದೆ ಪರದೆಯೇ ಇರಲಿಲ್ಲ, ಅದಕ್ಕೆ. ಕಂಪ್ಯೂಟರ್ ಕೇಳಿಸಿಕೊಳ್ಳುತ್ತಿದ್ದದ್ದೂ ಕಾಗದದಿಂದ, ಉತ್ತರ ಕೊಡುತ್ತಿದ್ದದ್ದೂ ಕಾಗದದ ಮೇಲೆ.

ಈ ಕಾಗದದ ಕತೆ ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದ 1890ರ ಜನಗಣತಿಗೆ ಹರ್ಮನ್ ಹೊಲೆರಿತ್ ತೂತು ಹೊಡೆದ ಕಾರ್ಡ್‌ಗಳನ್ನು ಎಣಿಸುವ ಯಂತ್ರ ಮಾಡಿಕೊಟ್ಟರು. ಕಾರ್ಡಿನ ಮೇಲೆ ಸೂಜಿಗಳು ಇಳಿಯುತ್ತವೆ. ತೂತು ಇದ್ದಲ್ಲಿ ಸೂಜಿ ಕೆಳಗಿನ ಪಾದರಸಕ್ಕೆ ತಾಗಿ ವಿದ್ಯುತ್ ಹರಿಯುತ್ತದೆ, ಮುಳ್ಳು ಒಂದು ಅಂಕಿ ಮುಂದೆ ಹೋಗುತ್ತದೆ. ಅಷ್ಟೇ. 1928ರಲ್ಲಿ ಐಬಿಎಂ ಕಂಪನಿ 80 ಕಾಲಂಗಳ, ಅಂದರೆ 80 ಅಕ್ಷರ ಹಿಡಿಸುವ ಕಾರ್ಡ್ ತಂದಿತು. ಈ 80 ಅನ್ನು ನೆನಪಿಟ್ಟುಕೊಳ್ಳಿ.

ಮುಂದೆ ಪ್ರೋಗ್ರಾಂಗಳೂ ಇದೇ ಕಾರ್ಡ್‌ಗೆ ಬಂದವು. ಒಂದು ಸಾಲಿಗೆ ಒಂದು ಕಾರ್ಡ್. ಕಟ್ಟು ಕೈಜಾರಿ ಬಿದ್ದರೆ ಪ್ರೋಗ್ರಾಂ ಚೆಲ್ಲಾಪಿಲ್ಲಿ! ಅದಕ್ಕೇ ಕೆಲವರು ಕಟ್ಟಿನ ಅಂಚಿನ ಮೇಲೆ ಓರೆಯಾಗಿ ಒಂದು ಗೆರೆ ಎಳೆದಿಡುತ್ತಿದ್ದರು. ಗೆರೆ ಕೂಡಿದರೆ ಕಾರ್ಡ್‌ಗಳು ಸರಿಯಾಗಿ ಕೂತಂತೆ. ಕಟ್ಟನ್ನು ಒಳಗೆ ಕೊಟ್ಟು ಗಂಟೆಗಟ್ಟಲೆ ಕಾಯಬೇಕು. ಒಂದು ಅಲ್ಪವಿರಾಮ ತಪ್ಪಿದ್ದರೂ ಕೈಗೆ ಬರುವುದು ತಪ್ಪಿನ ಪಟ್ಟಿ ಮಾತ್ರ.

ಈ ಕಾಯುವ ಕಾಟ ತಪ್ಪಿಸಿದ್ದು ಟೆಲಿಟೈಪ್. ತಂತಿ ಸಂದೇಶಕ್ಕೆಂದು ಹುಟ್ಟಿದ ಯಂತ್ರ ಇದು. ಕೀಲಿ ಒತ್ತಿದರೆ ಕಂಪ್ಯೂಟರಿಗೆ ಸುದ್ದಿ ಹೋಗುತ್ತದೆ, ಉತ್ತರ ಕಾಗದದ ಸುರುಳಿಯ ಮೇಲೆ ಟಕಟಕ ಅಂತ ಅಚ್ಚಾಗುತ್ತದೆ. 1963ರ ಮಾಡೆಲ್ 33ರ ವೇಗ ಸೆಕೆಂಡಿಗೆ 10 ಅಕ್ಷರ. ಇತಿಹಾಸ ಬರೆಯುವವರು ಮೌಸ್‌ಗೆ ಕೊಡುವ ಮರ್ಯಾದೆ ಇದಕ್ಕೆ ಕೊಡುವುದಿಲ್ಲ. ಆದರೆ ನನ್ನ ಪ್ರಕಾರ ನಮ್ಮ ಕೀಬೋರ್ಡಿನ ಮೇಲೆ ಇದರ ಗುರುತೇ ಜಾಸ್ತಿ.

ಡಿಲೀಟ್ ಕೀಲಿಯನ್ನೇ ನೋಡಿ. ಟೆಲಿಟೈಪ್ ಜೊತೆಗೆ ಬಳಸುತ್ತಿದ್ದ ಕಾಗದದ ಪಟ್ಟಿಯಲ್ಲಿ ಒಮ್ಮೆ ಹೊಡೆದ ತೂತನ್ನು ಮುಚ್ಚಲು ಆಗುವುದಿಲ್ಲ, ಅಲ್ವಾ? ಹಾಗಾಗಿ ತಪ್ಪಿದ ಅಕ್ಷರಕ್ಕೆಂದು ಇದ್ದ ಏಳೂ ಜಾಗಕ್ಕೆ ತೂತು ಹೊಡೆದುಬಿಡುತ್ತಿದ್ದರು. ಏಳು ತೂತು ಅಂದರೆ ‘ಇಲ್ಲಿ ಏನೂ ಇಲ್ಲ’ ಎಂದು ಲೆಕ್ಕ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಆಸ್ಕಿ ಸಂಕೇತದಲ್ಲಿ ಡಿಲೀಟ್‌ನ ಸಂಖ್ಯೆ ಇವತ್ತಿಗೂ 127. ತೂತು ಇದ್ದರೆ 1, ಇಲ್ಲದಿದ್ದರೆ 0 ಎಂದುಕೊಂಡರೆ, ಏಳು ಬಿಟ್‌ಗಳೂ (ಏಳು ಜಾಗಗಳೂ) 1 ಆದಾಗ ಬರುವ ಸಂಖ್ಯೆಯೇ ಅದು.

ಸಾಲು ಮುಗಿದಾಗ ಟೆಲಿಟೈಪ್ ಎರಡು ಕೆಲಸ ಮಾಡಬೇಕಿತ್ತು. ಅಚ್ಚಿನ ತಲೆ ಎಡತುದಿಗೆ ಮರಳಬೇಕು, ಕಾಗದ ಒಂದು ಸಾಲು ಮೇಲೆ ಸರಿಯಬೇಕು. ಮೊದಲನೆಯದು ಕ್ಯಾರೇಜ್ ರಿಟರ್ನ್, ಎರಡನೆಯದು ಲೈನ್ ಫೀಡ್. ವಿಂಡೋಸ್ ಈಗಲೂ ಸಾಲಿನ ಕೊನೆಗೆ ಎರಡೂ ಸಂಕೇತ ಹಾಕುತ್ತದೆ. ವಿಂಡೋಸ್‌ನಂಥದ್ದೇ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯಾದ ಯುನಿಕ್ಸ್ ಒಂದೇ ಸಾಕು ಅಂದಿತು. ಅಲ್ಲಿಯ ಫೈಲನ್ನು ಹಳೆಯ ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಸಾಲುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಕಾಣುತ್ತಿದ್ದದ್ದು ಇದೇ ಕಾರಣಕ್ಕೆ.

ಪರದೆ ಆಗಲೇ ಇರಲಿಲ್ಲವೇ? ಇತ್ತು. 1963ರಲ್ಲೇ ಐವನ್ ಸದರ್‌ಲ್ಯಾಂಡ್ ಲೈಟ್ ಪೆನ್ ಹಿಡಿದು ಪರದೆ ಮೇಲೆ ಚಿತ್ರ ಬಿಡಿಸಿ ತೋರಿಸಿದ್ದರು. ಆದರೆ ಅಂಥ ಪರದೆ ದುಬಾರಿ. ಎಪ್ಪತ್ತರ ದಶಕದಲ್ಲಿ ಬೆಲೆ ಇಳಿದ ಮೇಲೆ ಬಂದ ಟರ್ಮಿನಲ್‌ಗಳು (ಕಂಪ್ಯೂಟರಿಗೆ ಜೋಡಿಸಿದ ಕೀಬೋರ್ಡ್ ಮತ್ತು ಪರದೆ) ಟೆಲಿಟೈಪ್ ಮಾಡುತ್ತಿದ್ದ ಕೆಲಸವನ್ನೇ ಗಾಜಿನ ಮೇಲೆ ಮಾಡಿದವು. ‘ಗಾಜಿನ ಟೆಲಿಟೈಪ್’ ಎಂಬ ಅಡ್ಡಹೆಸರೂ ಬಂತು. 1978ರ ವಿಟಿ100 ಎಂಬ ಟರ್ಮಿನಲ್‌ನಲ್ಲಿ ಸಾಲಿಗೆ ಎಷ್ಟು ಅಕ್ಷರ? ಅದೇ 80! ಕಾರ್ಡ್ ಹೋದರೂ ಅಳತೆ ಉಳಿಯಿತು. ಪೈಥಾನ್‌ನ ಬರವಣಿಗೆ ನಿಯಮ ಸಾಲಿಗೆ 79 ಅಕ್ಷರ ಸಾಕು ಅನ್ನುವುದರ ಹಿಂದೆಯೂ ಇದೇ ಅಗಲ ಇದೆ.

ಮೌಸ್ ಕತೆ ಎಲ್ಲರಿಗೂ ಗೊತ್ತಿರುವಂಥದ್ದು. ಡಗ್ಲಾಸ್ ಎಂಗೆಲ್‌ಬಾರ್ಟ್ ತಂಡ ಮರದ ಡಬ್ಬಿಗೆ ಎರಡು ಚಕ್ರ ಕೂರಿಸಿ ಮಾಡಿದ್ದು ಅದು. 1968ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನರಿಗೆ ತೋರಿಸಿದರು. ಅದಕ್ಕೂ ಮೊದಲೇ, 1965ರಲ್ಲಿ, ಬ್ರಿಟನ್ನಿನ ಇ. ಎ. ಜಾನ್ಸನ್ ಬೆರಳಿನಿಂದ ಮುಟ್ಟುವ ಪರದೆಯ ಬಗ್ಗೆ ಬರೆದಿದ್ದರು. ಅದು ಎಲ್ಲರ ಜೇಬಿಗೆ ಬರಲು ನಾಲ್ಕು ದಶಕ ಬೇಕಾಯಿತು.

ಈಗ ಇನ್‌ಪುಟ್, ಔಟ್‌ಪುಟ್ ಎರಡೂ ಒಂದೇ ಗಾಜು. ಆದರೂ ಐಫೋನಿನಲ್ಲಿ ಇಂಗ್ಲಿಷ್ ಕೀಬೋರ್ಡ್ ತೆರೆದು ನೋಡಿ. ಅಕ್ಷರಗಳ ಜೋಡಣೆ 1870ರ ದಶಕದ ಟೈಪ್‌ರೈಟರಿನದು. ಕೆಳಗಿನ ಮೂಲೆಯ ಕೀಲಿಯ ಹೆಸರು ‘ರಿಟರ್ನ್’, ಮರಳಿ ಬರಲು ಅಲ್ಲಿ ಯಾವ ಕ್ಯಾರೇಜೂ ಇಲ್ಲದಿದ್ದರೂ.