ಸಾತಾರಾದ ಮೆಟ್ಟಿಲು ಬೆಟ್ಟಗಳು

ಬೆಂಗಳೂರಿನಿಂದ ಸಂಜೆ ಹೊರಡುವ ಪುಣೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕವರು ಬೆಳಗಿನ ನಿದ್ರೆಯನ್ನು ಬಿಟ್ಟುಕೊಡಬೇಕೆಂದು ನಾನು ಕಂಡವರಿಗೆಲ್ಲ ಹೇಳುತ್ತಿರುತ್ತೇನೆ. ಬಸ್ಸು ಹುಬ್ಬಳ್ಳಿ, ಬೆಳಗಾವಿಗಳನ್ನು ಕತ್ತಲಲ್ಲಿ ದಾಟಿ ಸಾತಾರಾ ಸಮೀಪಿಸುವ ಹೊತ್ತಿಗೆ ಬೆಳಕು ಹರಿದಿರುತ್ತದೆ. ರಾಮನಗರ, ಸಾವನದುರ್ಗಗಳ ಗುಂಡುಬಂಡೆಗಳಿಗೆ ಒಗ್ಗಿದ ಕಣ್ಣಿಗೆ ಅಲ್ಲಿನ ಬೆಟ್ಟಗಳು ಬೇರೊಂದು ಲೋಕದವೆನಿಸುತ್ತವೆ. ನೆತ್ತಿ ಸಮತಟ್ಟು, ಮೈತುಂಬ ಅಡ್ಡಗೆರೆ. ಕಡಿದಾದ ಗೋಡೆ, ಅದರ ಬುಡದಲ್ಲಿ ಹುಲ್ಲಿನ ಇಳಿಜಾರು, ಅದರ ಕೆಳಗೆ ಮತ್ತೊಂದು ಗೋಡೆ.

ಕಳೆದ ಸಲ ಪಕ್ಕದಲ್ಲಿ ಕುಳಿತಿದ್ದ ಹಿರಿಯರು, “ಇವೆಲ್ಲ ಬೆಂಕಿ ಉಗುಳುತ್ತಿದ್ದ ಬೆಟ್ಟಗಳಂತೆ ಸರ್, ತಲೆ ಹಾರಿಹೋಗಿ ಹೀಗೆ ಚಪ್ಪಟೆಯಾಗಿವೆ” ಎಂದರು. ಜ್ವಾಲಾಮುಖಿಯೆಂದರೆ ಗೋಪುರದಂಥ ಬೆಟ್ಟವೇ ಎಂಬ ಶಾಲೆಯ ಚಿತ್ರಪಟ ನಮ್ಮೆಲ್ಲರ ತಲೆಯಲ್ಲಿ ಬಲವಾಗಿ ಕುಳಿತಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ಲಾವಾ ಉಕ್ಕಿದ್ದು ಮುಖ್ಯವಾಗಿ ನೆಲದ ಉದ್ದುದ್ದ ಬಿರುಕುಗಳಿಂದ. ಸಿಲಿಕಾ ಕಡಿಮೆಯಿರುವ ಈ ಬಸಾಲ್ಟ್ ಲಾವಾ ಇನ್ನೂ ಗಟ್ಟಿಯಾಗದ ಬೆಲ್ಲದ ಪಾಕದಂತೆ ತೆಳುವಾಗಿದ್ದುದರಿಂದ ರಾಶಿಯಾಗಿ ನಿಲ್ಲದೆ ಹರಡಿತು. ಒಂದು ಹರಿವು ಆರಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಹೀಗೆ ಪೇರಿಸಿದ ಪದರಗಳು ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿವೆ.

ಮೆಟ್ಟಿಲು ಮೂಡಿದ್ದು ಹೇಗೆಂಬುದನ್ನು ತಿಳಿಯಲು ತಟ್ಟೆಯಲ್ಲಿ ಒಂದರ ಮೇಲೊಂದು ಇಟ್ಟ ಸೆಟ್ ದೋಸೆಯನ್ನು ನೆನೆಯಬೇಕು. ಕಾವಲಿಯ ಮೇಲೆ ಹಿಟ್ಟಿನೊಳಗಿನ ಗುಳ್ಳೆಗಳು ಮೇಲೇರಿ ಒಡೆಯುವುದರಿಂದ ದೋಸೆಯ ಮೇಲ್ಮೈ ತೂತುತೂತಾಗುತ್ತದೆ. ಲಾವಾದೊಳಗಿನ ಅನಿಲವೂ ಹಾಗೆಯೇ ಮೇಲೇರಿ, ಪ್ರತಿ ಹರಿವಿನ ಮೇಲುಭಾಗವನ್ನು ತೂತುಗಳಿಂದ ತುಂಬುತ್ತದೆ. ನಡುಭಾಗ ಮಾತ್ರ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ತೂತುಗಳಲ್ಲಿ ಮಳೆನೀರು ಇಳಿದು ಕಲ್ಲನ್ನು ಬೇಗನೆ ಶಿಥಿಲಗೊಳಿಸುವುದರಿಂದ ಅಲ್ಲಿ ಇಳಿಜಾರಾಗುತ್ತದೆ. ಗಟ್ಟಿ ನಡುಭಾಗವಾದರೋ ಆರುವಾಗ ಕುಗ್ಗಿ, ಬತ್ತಿದ ಕೆರೆಯಂಗಳದ ಕೆಸರಿನಂತೆ ಬಿರುಕು ಬಿಟ್ಟಿರುತ್ತದೆ. ಬಿರುಕುಗಳು ನೇರ ಕೆಳಗಿಳಿಯುವುದರಿಂದ ಕಲ್ಲು ಕಂಬಕಂಬವಾಗಿ ಕಳಚಿ ಬೀಳುತ್ತದೆ, ಉಳಿದ ಅಂಚು ಗೋಡೆಯಾಗುತ್ತದೆ. ಉಡುಪಿಯ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಇಂಥ ಕಂಬಗಳನ್ನು ಮುಟ್ಟಿ ನೋಡಿರುತ್ತಾರೆ. ಆದರೆ ಅವು ಇನ್ನೂ ಹಳೆಯವು, ಬೇರೆ ಬಗೆಯ ಲಾವಾದವು. ಕೆಲವೆಡೆ ಎರಡು ಹರಿವುಗಳ ನಡುವೆ ಇಟ್ಟಿಗೆ ಬಣ್ಣದ ತೆಳುಪದರವೂ ಕಾಣುತ್ತದೆ. ಒಂದು ಹರಿವು ಆರಿ, ಅದರ ಮೈ ಮಣ್ಣಾಗುವಷ್ಟು ಕಾಲ ಕಳೆದ ಮೇಲೆಯೇ ಮುಂದಿನದು ಬಂತೆನ್ನುವುದಕ್ಕೆ ಅದು ಗುರುತು. ಈ ಶಿಲೆಗಳಿಗೆ ‘ಡೆಕ್ಕನ್ ಟ್ರ್ಯಾಪ್’ ಎಂಬ ಹೆಸರು ಬಂದದ್ದೂ ಮೆಟ್ಟಿಲಿನಿಂದಲೇ. ಟ್ರ್ಯಾಪ್ ಎಂಬುದರ ಮೂಲ, ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಪದ.

ಹಿರಿಯರಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ಕಣಿವೆಯ ಆಚೀಚೆಯ ಎರಡು ಬೆಟ್ಟಗಳ ಗೆರೆಗಳನ್ನು ಹೋಲಿಸಿ ನೋಡಿ ಎಂದೆ, ಅಷ್ಟೆ. ಈ ಬೆಟ್ಟದ ಗೋಡೆ ಎಷ್ಟು ಎತ್ತರದಲ್ಲಿ ಮುಗಿಯುತ್ತದೋ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ಆ ಬೆಟ್ಟದಲ್ಲಿ ಮುಂದುವರಿಯುತ್ತದೆ. ಎರಡೂ ಒಂದೇ ಹಾಸಿನ ತುಂಡುಗಳು. ನಡುವಿನ ಕಲ್ಲನ್ನು ಮಳೆಯೂ ಹೊಳೆಯೂ ಕೊರೆದು ಸಮುದ್ರಕ್ಕೆ ಹೊತ್ತೊಯ್ದಿವೆ. ಅವರು ಬಹಳ ಹೊತ್ತು ನೋಡಿ, “ಹಾಗಾದರೆ ಇವು ಎದ್ದ ಬೆಟ್ಟಗಳಲ್ಲ, ಉಳಿದ ಬೆಟ್ಟಗಳು” ಎಂದರು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಆಮೇಲೆ ಅವರು, ಈ ಕರಿಕಲ್ಲಿನ ಕೆಳಗೇನಿದೆ ಎಂದು ಕೇಳಿದರು. ಇದೇ ಸಾತಾರಾ ಜಿಲ್ಲೆಯ ಕೊಯ್ನಾದಲ್ಲಿ 1967ರ ಡಿಸೆಂಬರ್‌ನಲ್ಲಿ ಭಾರೀ ಭೂಕಂಪವಾಯಿತು. ಅಂಥ ಕಂಪನಗಳ ಮೂಲವನ್ನು ಅರಿಯಲು ವಿಜ್ಞಾನಿಗಳು ಆ ಭಾಗದಲ್ಲಿ ಆಳವಾದ ಕೊಳವೆಗಳನ್ನು ಕೊರೆದಿದ್ದಾರೆ. ಒಂದೆಡೆ ಸುಮಾರು 930 ಮೀಟರ್ ಬಸಾಲ್ಟ್ ಮುಗಿದ ಮೇಲೆ ಗ್ರಾನೈಟ್ ಮತ್ತು ನೈಸ್ ಶಿಲೆ ಸಿಕ್ಕಿತು: ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರವನ್ನು ಹೊತ್ತಿರುವ, ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯ ಜಾತಿಯದೇ ಕಲ್ಲು.