ಸೂಪರ್‌ಮಾರ್ಕೆಟ್ ಪ್ಲಾಸ್ಟಿಕ್: ಸಾಮಾನಿಗೋ, ಕೌಂಟರಿಗೋ?

ಸೂಪರ್‌ಮಾರ್ಕೆಟ್‌ಗಳು ಪ್ಲಾಸ್ಟಿಕ್ ಪ್ಯಾಕಿಂಗ್ ಕಡಿಮೆ ಮಾಡುವುದು ಹೇಗೆ? ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ನಾವೆಲ್ಲ 'ಬಟ್ಟೆ ಚೀಲ' ಅಂತ ಬರೆದು ಮುಗಿಸುತ್ತೇವೆ. ಮುಂಬೈಯಲ್ಲಿ ಕೂತು ಅಷ್ಟೇ ಬರೆದರೆ ಸಾಲದು. ಮಹಾರಾಷ್ಟ್ರ 2018ರ ಮಾರ್ಚ್ 23ರಂದೇ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿದೆ. ಜೂನ್ 23ರಿಂದ ದಂಡ ಶುರುವಾಯಿತು, ಮೊದಲ ಸಲಕ್ಕೆ 5,000 ರೂಪಾಯಿ. ಈಗ ಉಳಿದಿರುವುದು ಚೀಲದೊಳಗೆ ಬೀಳುವ ಸಾಮಾನಿನ ಪ್ಲಾಸ್ಟಿಕ್.

ನಾನು ಓದುವಾಗ ಪ್ರತಿ ಪ್ಯಾಕೆಟ್‌ಗೂ ಒಂದೇ ಪ್ರಶ್ನೆ ಹಾಕಿಕೊಂಡೆ. ಈ ಪ್ಲಾಸ್ಟಿಕ್ ಸಾಮಾನನ್ನು ಕಾಯುತ್ತಿದೆಯಾ, ಇಲ್ಲ ಕೌಂಟರಿನವರ ಕೆಲಸ ಹಗುರ ಮಾಡುತ್ತಿದೆಯಾ?

ಬಿಸ್ಕತ್ ಪ್ಯಾಕೆಟ್ ನಿಜವಾಗಿ ಕಾಯುತ್ತದೆ. ಜುಲೈಯಲ್ಲಿ ಇಲ್ಲಿ ಡಬ್ಬಿ ಮುಚ್ಚಳ ಸ್ವಲ್ಪ ಸಡಿಲವಾದರೂ ಹಪ್ಪಳ ಮೆತ್ತಗಾಗುತ್ತದೆ, ಅಲ್ವಾ? ತೇವ, ಗಾಳಿ ಎರಡನ್ನೂ ತಡೆಯಲು ಚಿಪ್ಸ್ ಪ್ಯಾಕೆಟ್‌ನಲ್ಲಿ ಬೇರೆ ಬೇರೆ ಪದರ ಅಂಟಿಸಿರುತ್ತಾರೆ. ಆ ಪದರಗಳನ್ನು ಬಿಡಿಸುವುದು ಕಷ್ಟ, ಅದಕ್ಕೇ ಮರುಬಳಕೆಯೂ ಕಷ್ಟ. ಸೌತೆಕಾಯಿಯ ಮೇಲಿನ ತೆಳು ಹಾಳೆ ಕೂಡ ಸುಮ್ನೆ ಇರುವುದಲ್ಲ. ಅದರಿಂದ ಕಾಯಿಯ ನೀರು ಬೇಗ ಆರುವುದಿಲ್ಲ.

ಇನ್ನು ಟ್ರೇನಲ್ಲಿ ನಾಲ್ಕು ದೊಣ್ಣೆಮೆಣಸಿನಕಾಯಿ ಇಟ್ಟು, ಮೇಲೆ ಬಿಗಿಯಾಗಿ ಪ್ಲಾಸ್ಟಿಕ್ ಸುತ್ತಿದ್ದನ್ನು ನೋಡಿ. ಇದು ಹೆಚ್ಚಾಗಿ ಕೌಂಟರಿನ ಪ್ಲಾಸ್ಟಿಕ್. ಮೊದಲೇ ತೂಗಿಟ್ಟರೆ ಬಿಲ್ಲಿಂಗ್ ಬೇಗ. ಮೊದಲೇ ಪ್ಯಾಕ್ ಮಾಡಿದ ಸಾಮಾನಿನ ಮೇಲೆ ತೂಕ, ಬೆಲೆ ನಮೂದಿಸಬೇಕು, ಆ ಚೀಟಿ ಅಂಟಿಸಲು ಸಮತಟ್ಟಾದ ಜಾಗವೂ ಸಿಗುತ್ತದೆ. ಬಿಡಿಯಾಗಿ ಇಟ್ಟು, ತರಕಾರಿ ವಿಭಾಗದಲ್ಲೇ ತಕ್ಕಡಿ, ಚೀಟಿ ಯಂತ್ರ ಇಟ್ಟರೆ ಟ್ರೇ ಬೇಕಾಗಿಲ್ಲ. 'ಮೂರು ಸೋಪಿಗೆ ಒಂದು ಉಚಿತ' ಅಂತ ನಾಲ್ಕನ್ನೂ ಸೇರಿಸಿ ಸುತ್ತಿರುತ್ತಾರಲ್ಲ, ಅದಕ್ಕಂತೂ ಕ್ಷಮೆಯೇ ಇಲ್ಲ. ಆ ಲೆಕ್ಕವನ್ನು ಬಿಲ್ಲಿನ ಕಂಪ್ಯೂಟರ್ ಮಾಡುತ್ತದೆ. ನನ್ನ ಪ್ರಕಾರ ಕತ್ತರಿ ಹಾಕಲು ಇದೇ ಮೊದಲ ಜಾಗ.

ಮುಂಬೈಯ ಮಾಟುಂಗಾದಲ್ಲಿ ಹೂವಿನವರು ಮಲ್ಲಿಗೆಯನ್ನು ಬಾಳೆಎಲೆಯಲ್ಲಿ ಕಟ್ಟಿಕೊಡುತ್ತಾರೆ. 2019ರಲ್ಲಿ ಥಾಯ್ಲೆಂಡ್‌ನ ಚಿಯಾಂಗ್ ಮಾಯ್ ಊರಿನ ರಿಂಪಿಂಗ್ ಸೂಪರ್‌ಮಾರ್ಕೆಟ್ ತರಕಾರಿಯನ್ನು ಬಾಳೆಎಲೆಯಲ್ಲಿ ಸುತ್ತಿ ಮಾರಿದಾಗ ಆ ಫೋಟೋ ಲೋಕವೆಲ್ಲ ಸುತ್ತಿತು. ಅಮ್ಮನಿಗೆ ತೋರಿಸಿದರೆ, "ಇದರಲ್ಲೇನಿದೆ ಹೊಸದು?" ಅಂದರು.

ಬಿಡಿ ಬೇಳೆಯದ್ದು ಬೇರೆ ಕತೆ. ಒಂದು ಅಂಗಡಿಗೆ ಬಟ್ಟೆ ಚೀಲ, ಸ್ಟೀಲ್ ಡಬ್ಬಿ ತೆಗೆದುಕೊಂಡು ಹೋಗಿದ್ದೆ. ಬಾಗಿಲಲ್ಲೇ ಕಾವಲುಗಾರ ನನ್ನ ಬಟ್ಟೆ ಚೀಲದ ಬಾಯಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದರು! ಕಾಡಿಬೇಡಿ ಡಬ್ಬಿಯನ್ನು ಮಾತ್ರ ಒಳಗೆ ಒಯ್ದೆ. ಅಲ್ಲಿನ ಹುಡುಗ ತೊಗರಿಬೇಳೆಯನ್ನು ಕವರಿಗೆ ಹಾಕಿ ತೂಗಿದ, ನನ್ನ ಡಬ್ಬಿಗೆ ಸುರಿದ, ಕವರನ್ನು ಕಸಕ್ಕೆ ಎಸೆದ. ಖಾಲಿ ಡಬ್ಬಿ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತರುವ ಗುಂಡಿ ಇದೆ ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಉತ್ತರದಲ್ಲಿ 'ಸಿಬ್ಬಂದಿಗೆ ತರಬೇತಿ' ಅನ್ನುವುದನ್ನು ಬಿಡಬೇಡಿ.

ಪ್ಲಾಸ್ಟಿಕ್ ಬದಲು ಏನು ಅಂತ ಬರೆಯುವಾಗ ಜೋಪಾನ. ಹಳೇ ಪೇಪರ್ ಪೊಟ್ಟಣ ಅಂತ ಬರೆದೀರಿ. ತಿನ್ನುವ ಪದಾರ್ಥವನ್ನು ನ್ಯೂಸ್‌ಪೇಪರ್‌ನಲ್ಲಿ ಕಟ್ಟಬಾರದು ಎಂದು 2018ರ ಆಹಾರ ಪ್ಯಾಕಿಂಗ್ ನಿಯಮಗಳೇ ಹೇಳುತ್ತವೆ. ಬಟ್ಟೆ ಚೀಲವೂ ಬಿಟ್ಟಿ ಪುಣ್ಯವಲ್ಲ. 2018ರ ಡೆನ್ಮಾರ್ಕ್ ಸರ್ಕಾರಿ ಅಧ್ಯಯನದ ಪ್ರಕಾರ, ಹವಾಮಾನದ ಮೇಲಿನ ಪರಿಣಾಮವೊಂದನ್ನೇ ನೋಡಿದರೂ, ಹತ್ತಿಯ ಚೀಲವನ್ನು ಕನಿಷ್ಠ 52 ಸಲ ಬಳಸಿದರೆ ಮಾತ್ರ ಪ್ಲಾಸ್ಟಿಕ್ ಚೀಲಕ್ಕೆ ಸಮ.

ಗೋದಾಮಿನ ಕಡೆ ಜಾಸ್ತಿ ಹೇಳುವುದಿಲ್ಲ. ಪೆಟ್ಟಿಗೆಗಳ ರಾಶಿಗೆ ಸುತ್ತುವ ಹಾಳೆ ಗಿರಾಕಿಯ ಕಣ್ಣಿಗೆ ಬೀಳುವುದೇ ಇಲ್ಲ. ಹೋಗಿ ಬರುವ ಕ್ರೇಟ್‌ಗಳು ಅದನ್ನು ತಗ್ಗಿಸುತ್ತವೆ.

ಕೊನೆಯದಾಗಿ ಕಾನೂನು. ಪ್ಯಾಕಿಂಗ್ ಎಲ್ಲ ಕಂಪನಿಯವರದ್ದು, ನಮ್ಮದೇನಿಲ್ಲ ಅಂತ ದೊಡ್ಡ ಅಂಗಡಿಗಳು ಕೈ ಎತ್ತುವಂತಿಲ್ಲ. ಪ್ಯಾಕಿಂಗ್ ಕಸದ ಹೊಣೆಯ ಬಗ್ಗೆ 2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ, ಸೂಪರ್‌ಮಾರ್ಕೆಟ್ ಸರಪಳಿಗಳನ್ನೂ ಆ ಹೊಣೆ ಹೊರಬೇಕಾದ ಬ್ರ್ಯಾಂಡ್ ಮಾಲೀಕರ ಸಾಲಿಗೆ ಸೇರಿಸಲಾಗಿದೆ. ಅತಿಸಣ್ಣ, ಸಣ್ಣ ಉದ್ದಿಮೆಗಳಿಗೆ ಮಾತ್ರ ವಿನಾಯಿತಿ. ತಮ್ಮದೇ ಹೆಸರಿನಲ್ಲಿ ಬೇಳೆ, ಸಕ್ಕರೆ ಮಾರುವ ಅಂಗಡಿಗಳಲ್ಲಿ ಆ ಪ್ಯಾಕೆಟ್ ಹೇಗಿರಬೇಕೆಂದು ತೀರ್ಮಾನಿಸುವವರೂ ಅವರೇ.