‘ಟೇಬಲ್ ನನ್ನ ಭಾರ ತಡೆಯುತ್ತಾ ಡಾಕ್ಟ್ರೇ?’

ತೂಕ ಇಳಿಸುವ ಆಪರೇಷನ್‌ಗೆ ಇನ್ನು ಹನ್ನೆರಡು ದಿನವಿತ್ತು. ಐವತ್ತರ ಆಸುಪಾಸಿನ ಗಂಡಸು, ತೂಕ 160 ಕಿಲೋ ದಾಟಿತ್ತು. ಅರಿವಳಿಕೆ ಕೊಡುವ ವೈದ್ಯೆಯಾಗಿ ನಾನು ಕೇಳಬೇಕಾದ್ದನ್ನೆಲ್ಲ ಕೇಳಿದೆ: ಬಿ.ಪಿ., ಸಕ್ಕರೆ, ಗೊರಕೆ, ಹಿಂದಿನ ಆಪರೇಷನ್‌ಗಳು, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ. ಎಲ್ಲದಕ್ಕೂ ಚೊಕ್ಕವಾಗಿ ಉತ್ತರ ಕೊಟ್ಟರು. ‘ನಿಮಗೇನಾದರೂ ಕೇಳುವುದಿದೆಯೇ?’ ಎಂದೆ. ಇಲ್ಲ ಅಂದರು. ಎದ್ದು ಬಾಗಿಲವರೆಗೆ ಹೋದವರು, ಹೆಂಡತಿ ಹೊರಗೆ ಹೋಗಲೆಂದು ಕಾದು, ಹಿಂದಿರುಗಿ ನೋಡಿ ದನಿ ತಗ್ಗಿಸಿ ಕೇಳಿದರು: ‘ಟೇಬಲ್ ನನ್ನ ಭಾರ ತಡೆಯುತ್ತಾ ಡಾಕ್ಟ್ರೇ?’

ಮೂರು ವಾರದಿಂದ ಅವರಿಗೆ ನಿದ್ದೆ ಹತ್ತಿರಲಿಲ್ಲ. ಸಾವಿನ ಭಯವಿರಬೇಕು ಅಂತ ಮನೆಯವರು ಅಂದುಕೊಂಡು, ‘ಏನೂ ಆಗಲ್ಲ, ಧೈರ್ಯವಾಗಿರಿ’ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಅವರ ಭಯ ಬೇರೆಯದೇ ಆಗಿತ್ತು. ಹಿಂದೊಮ್ಮೆ ಎಲ್ಲೋ ಸ್ಕ್ಯಾನ್‌ಗೆ ಹೋದಾಗ ಅಲ್ಲಿಯ ಸಿಬ್ಬಂದಿ ನಾಲ್ಕು ಜನರ ಮುಂದೆ ‘ಇವರು ಇದರಲ್ಲಿ ಹಿಡಿಸಲ್ಲ’ ಎಂದು ವಾಪಸ್ ಕಳಿಸಿದ್ದರಂತೆ. ಪ್ರಜ್ಞೆ ಇಲ್ಲದೆ ಮಲಗಿರುವಾಗ ಮತ್ತೆ ಅಂಥದ್ದೇ ಆದರೆ, ತನ್ನನ್ನು ಎತ್ತಲಾರದೆ ಯಾರಾದರೂ ನಕ್ಕರೆ ಎಂಬುದು ಅವರನ್ನು ಕೊರೆಯುತ್ತಿತ್ತು. ಮರುದಿನ ಕೆಲಸ ಮುಗಿದ ಮೇಲೆ, ತಲೆಗೆ ಟೋಪಿ ಕಾಲಿಗೆ ಕವರು ಹಾಕಿಸಿ, ಅವರನ್ನು ಥಿಯೇಟರಿನೊಳಗೆ ಕರೆದುಕೊಂಡು ಹೋದೆ. ಟೇಬಲ್ಲಿನ ಬುಡದಲ್ಲಿದ್ದ ಪುಟ್ಟ ಲೋಹದ ಪಟ್ಟಿಯ ಮೇಲೆ 350 ಕೆ.ಜಿ. ಎಂದು ಬರೆದಿತ್ತು. ಬಗ್ಗಿ, ಅಂಕಿಯ ಮೇಲೆ ಬೆರಳಿಟ್ಟು ಓದಿದರು. ದೊಡ್ಡ ಅಳತೆಯ ಬಿ.ಪಿ. ಪಟ್ಟಿ, ಅಗಲದ ಗೌನು, ಹಾಸಿಗೆಯಿಂದ ಹಾಸಿಗೆಗೆ ಜಾರಿಸುವ ಹಾಸು, ಎಲ್ಲ ನೋಡಿದರು. ಆ ರಾತ್ರಿ ನಿದ್ದೆ ಬಂತೆಂದು ಹೆಂಡತಿ ಫೋನ್ ಮಾಡಿ ಹೇಳಿದರು.

ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಬರುವವರ ಭಯ ಬೇರೆ ಆಪರೇಷನ್‌ನವರ ಭಯದಂತಲ್ಲ ಎಂಬುದು ನನಗೆ ತಡವಾಗಿ ಅರ್ಥವಾಯಿತು. ಅಪೆಂಡಿಕ್ಸ್ ಆದವರಿಗೆ ಹೆದರಿಕೆ ಇರುತ್ತದೆ, ನಾಚಿಕೆ ಇರುವುದಿಲ್ಲ. ಇಲ್ಲಿ ಹೆದರಿಕೆಗೆ ನಾಚಿಕೆ ಅಂಟಿಕೊಂಡೇ ಬರುತ್ತದೆ. ‘ಇಷ್ಟಕ್ಕೆಲ್ಲ ಆಪರೇಷನ್ನಾ? ಸ್ವಲ್ಪ ಬಾಯಿ ಕಟ್ಟಿದ್ದರೆ ಸಾಲದಿತ್ತೇ?’ ಎಂಬ ಮಾತನ್ನು ಕೇಳದೆ ನನ್ನ ಕೋಣೆಗೆ ಬಂದವರು ಕಡಿಮೆ. ಒಬ್ಬ ತಾಯಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ: ‘ಕ್ಯಾನ್ಸರ್ ಬಂದು ಸತ್ತರೆ ಪಾಪ ಅಂತಾರೆ. ಇದರಲ್ಲಿ ಹೋದರೆ, ಬೇಕಂತಲೇ ಹೋಗಿ ಸತ್ತಳು ಅಂತಾರೆ. ನನ್ನ ಮಕ್ಕಳು ಅದನ್ನು ಕೇಳಿಕೊಂಡು ಬೆಳೀಬೇಕಲ್ಲ?’

ಈ ಅಪರಾಧಿ ಭಾವ ಇರುವವರಿಗೆ ಧೈರ್ಯದ ಮಾತು ಮುಟ್ಟುವುದೇ ಇಲ್ಲ. ಅದಕ್ಕೇ ನಾನು ಮೊದಲು ದೇಹದ ಕಥೆ ಹೇಳುತ್ತೇನೆ. ಪಥ್ಯ ಮಾಡಿ ತೂಕ ಇಳಿಸಿದಾಗ ದೇಹ ಅದನ್ನು ಬರಗಾಲವೆಂದೇ ತಿಳಿಯುತ್ತದೆ. ಹಸಿವೆ ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಏರುತ್ತದೆ, ಸಾಕು ಎನ್ನುವ ಲೆಪ್ಟಿನ್ ಹಾರ್ಮೋನು ಇಳಿಯುತ್ತದೆ, ಸುಮ್ಮನೆ ಕೂತಾಗ ಖರ್ಚಾಗುವ ಶಕ್ತಿಯೂ ಕಡಿಮೆಯಾಗುತ್ತದೆ. ಕಷ್ಟಪಟ್ಟು ಇಳಿಸಿದ ತೂಕ ಮರಳಿ ಬರುವುದು ಬಹುಮಟ್ಟಿಗೆ ಈ ಕಾರಣಕ್ಕೆ. ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚನ್ನು ತೆಗೆಯುತ್ತಾರೆ, ಗ್ರೆಲಿನ್ ಹೆಚ್ಚಾಗಿ ತಯಾರಾಗುವ ಮೇಲ್ಭಾಗವೂ ಅದರಲ್ಲಿ ಹೋಗುತ್ತದೆ. ಆ ತಾಯಿ ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಇಷ್ಟು ವರ್ಷ ನಾನು ನನ್ನನ್ನೇ ಬೈದುಕೊಂಡದ್ದು?’ ಅಂದರು.

ಇನ್ನು ಸಾವಿನ ಮಾತು. ಕೇಳಿದವರಿಗೆ ನಾನು ಅಂಕಿಯನ್ನು ಮುಚ್ಚಿಡದೆ ಹೇಳುತ್ತೇನೆ. ಅನುಭವವಿರುವ ಕೇಂದ್ರಗಳಲ್ಲಿ ಮೊದಲ 30 ದಿನದೊಳಗೆ ಸಾವಿನ ಸಂಭವ 1,000ಕ್ಕೆ 1ರ ಆಸುಪಾಸು. ಪಿತ್ತಕೋಶ ತೆಗೆಯುವ ಆಪರೇಷನ್‌ನ ಅಪಾಯದ ಸಾಲಿನಲ್ಲೇ ಇದೂ ನಿಲ್ಲುತ್ತದೆ. ವಯಸ್ಸು, ಹೃದಯದ ತೊಂದರೆ, ಹಿಂದೆ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದರೆ ಅದು ಏರುತ್ತದೆ, ಆದ್ದರಿಂದ ‘ನನ್ನ ವಿಷಯದಲ್ಲಿ ಎಷ್ಟು?’ ಎಂದು ಕೇಳಲು ಸಂಕೋಚ ಬೇಡ. ನಾವು ಹೆಚ್ಚು ಕಣ್ಣಿಡುವುದು ಎರಡರ ಮೇಲೆ: ಹೊಲಿಗೆಯ ಸಾಲಿನಿಂದ ಸೋರಿಕೆ ಮತ್ತು ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗುವುದು. ಆಪರೇಷನ್ ಆದ ದಿನವೇ ಸಂಜೆ ನಿಮ್ಮನ್ನು ಎಬ್ಬಿಸಿ ನಡೆಸುವುದು, ಹೊಟ್ಟೆಗೆ ಸಣ್ಣ ಇಂಜೆಕ್ಷನ್ ಕೊಡುವುದು, ಮೀನಖಂಡಕ್ಕೆ ಗಾಳಿಪಟ್ಟಿ ಕಟ್ಟುವುದು ಈ ಎರಡನೆಯದಕ್ಕಾಗಿ. ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ತೋರಿಸಬೇಕಲ್ಲ. ಸ್ವೀಡನ್ನಿನಲ್ಲಿ 1987ರಿಂದ ನಡೆದ ದೀರ್ಘ ಅಧ್ಯಯನದ 2020ರ ವರದಿಯಲ್ಲಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಅಷ್ಟೇ ಸ್ಥೂಲಕಾಯವಿದ್ದು ಮಾಡಿಸಿಕೊಳ್ಳದವರಿಗಿಂತ ಸುಮಾರು 3 ವರ್ಷ ಹೆಚ್ಚು ಬದುಕಿದ್ದು ಕಂಡುಬಂತು. ಮಾಡಿಸಿಕೊಳ್ಳದೆ ಇರುವುದಕ್ಕೂ ಒಂದು ಅಪಾಯವಿದೆ. ಅದು ನಿಧಾನವಾಗಿ ಬರುವುದರಿಂದ ಅದಕ್ಕೆ ನಾವು ಹೆದರುವುದಿಲ್ಲ, ಅಷ್ಟೆ.

ನನ್ನ ಪಾಲಿಗೆ ಬರುವ ಭಯ ಮತ್ತೊಂದು: ‘ಮಧ್ಯದಲ್ಲಿ ಎಚ್ಚರವಾದರೆ?’ ಬ್ರಿಟನ್ ಮತ್ತು ಐರ್ಲೆಂಡಿನ ಆಸ್ಪತ್ರೆಗಳನ್ನು ಒಟ್ಟಿಗೆ ಸೇರಿಸಿ ಮಾಡಿದ ಪರಿಶೀಲನೆಯ ವರದಿ 2014ರಲ್ಲಿ ಬಂತು. ಒಟ್ಟಾರೆ ಸುಮಾರು 19,000 ಅರಿವಳಿಕೆಗೆ ಒಬ್ಬರು ಹಾಗೆ ಎಚ್ಚರವಾದದ್ದನ್ನು ಹೇಳಿಕೊಂಡಿದ್ದರು. ಸ್ನಾಯು ಸಡಿಲಿಸುವ ಔಷಧ ಕೊಟ್ಟವರಲ್ಲಿ ಅದು ಸುಮಾರು 8,000ಕ್ಕೆ ಒಂದು. ಸ್ಥೂಲಕಾಯದವರಲ್ಲಿ ಸಂಭವ ತುಸು ಹೆಚ್ಚು ಎಂದೂ ಅದರಲ್ಲಿತ್ತು. ಅದು ಗೊತ್ತಿರುವುದರಿಂದಲೇ ಔಷಧದ ಪ್ರಮಾಣವನ್ನು ನಿಮ್ಮ ದೇಹಕ್ಕೆ ತಕ್ಕಂತೆ ಲೆಕ್ಕ ಹಾಕುತ್ತೇವೆ, ಹಣೆಗೆ ಪಟ್ಟಿ ಅಂಟಿಸಿ ಮೆದುಳಿನ ಅಲೆಗಳನ್ನು ನೋಡುತ್ತೇವೆ. ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ: ಅರಿವಳಿಕೆ ಕೊಟ್ಟ ವೈದ್ಯರು ನಿಮ್ಮನ್ನು ಮಲಗಿಸಿ ಎದ್ದು ಹೋಗುವುದಿಲ್ಲ. ನೀವು ಕಣ್ಣು ಬಿಡುವವರೆಗೆ ನಿಮ್ಮ ತಲೆಯ ಹತ್ತಿರವೇ ಇರುತ್ತಾರೆ. ಇದನ್ನು ಹೇಳಿದಾಗ ಎದುರಿನವರ ಹೆಗಲು ಇಳಿಯುವುದನ್ನು ನಾನು ನೂರಾರು ಸಲ ನೋಡಿದ್ದೇನೆ.

ನಿದ್ದೆಗೇ ಹೆದರುವವರೂ ಇದ್ದಾರೆ. ಗೊರಕೆಯ ನಡುವೆ ಉಸಿರು ನಿಂತು, ಉಸಿರುಗಟ್ಟಿದಂತಾಗಿ ರಾತ್ರಿ ಹತ್ತಾರು ಸಲ ಧಡಕ್ಕನೆ ಎದ್ದು ಕೂರುವವರಿಗೆ ‘ಮಲಗಿಸಿದರೆ ಏಳುತ್ತೇನಾ?’ ಅನ್ನಿಸುವುದು ಸಹಜವಲ್ಲವೇ? ಅವರ ದೇಹ ರಾತ್ರಿ ರಾತ್ರಿ ಅದನ್ನೇ ಅನುಭವಿಸುತ್ತಿದೆ. ಆಪರೇಷನ್‌ಗೆ ಕೆಲವು ವಾರ ಮೊದಲಿಂದಲೇ ಸಿಪ್ಯಾಪ್ ಯಂತ್ರ (ಮಾಸ್ಕಿನ ಮೂಲಕ ಒತ್ತಡದಲ್ಲಿ ಗಾಳಿ ಕಳಿಸಿ ಉಸಿರಿನ ದಾರಿ ತೆರೆದಿಡುವ ಯಂತ್ರ) ಹಾಕಿಕೊಂಡು ಮಲಗಲು ಅಭ್ಯಾಸ ಮಾಡಿದರೆ ಆಮ್ಲಜನಕವೂ ಸರಿಹೋಗುತ್ತದೆ, ಮನಸ್ಸೂ ಹಗುರಾಗುತ್ತದೆ. ನಿದ್ದೆಗೆಟ್ಟ ಮೆದುಳಿಗೆ ಎಲ್ಲವೂ ದೊಡ್ಡದಾಗಿ ಕಾಣುತ್ತದೆ. ಆ ಯಂತ್ರವನ್ನು ಆಸ್ಪತ್ರೆಗೂ ತನ್ನಿ. ಮತ್ತು ದಯವಿಟ್ಟು, ನಿದ್ದೆ ಬರುತ್ತಿಲ್ಲವೆಂದು ಯಾರದೋ ನಿದ್ದೆ ಮಾತ್ರೆ ನುಂಗಬೇಡಿ. ಇಂಥ ಉಸಿರಾಟವಿರುವವರಿಗೆ ಅದು ಅಪಾಯ. ಖಿನ್ನತೆಗೋ ಆತಂಕಕ್ಕೋ ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಆಪರೇಷನ್ ಇದೆಯೆಂದು ನೀವಾಗಿ ನಿಲ್ಲಿಸಲೂಬೇಡಿ, ನಮ್ಮಿಂದ ಮುಚ್ಚಿಡಲೂಬೇಡಿ.

ಆತಂಕ ತುತ್ತತುದಿಗೆ ಹೋಗುವುದು ಯಾವಾಗ ಗೊತ್ತೇ? ಬಹುತೇಕರು ಹಿಂದಿನ ರಾತ್ರಿ ಅಂದುಕೊಳ್ಳುತ್ತಾರೆ. ನಾನು ಕಂಡಂತೆ, ಎರಡು ವಾರ ಮೊದಲು ಶುರುವಾಗುವ ಪಥ್ಯದ ಮೂರನೆಯ, ನಾಲ್ಕನೆಯ ದಿನ. ಈ ಪಥ್ಯ ಯಕೃತ್ತಿನ ಕೊಬ್ಬು ಇಳಿಸಲಿಕ್ಕಾಗಿ. ಜಠರದ ಮೇಲೆ ಹಾಸಿಕೊಂಡಿರುವ ಯಕೃತ್ತು ಕುಗ್ಗಿದರೆ ಸರ್ಜನ್‌ಗೆ ದಾರಿ ಕಾಣುತ್ತದೆ, ಆಪರೇಷನ್ ಸಲೀಸಾಗುತ್ತದೆ. ಆದರೆ ಮನಸ್ಸಿನ ಕಡೆಯಿಂದ ನೋಡಿ. ಎಷ್ಟೋ ಜನರಿಗೆ ಇಷ್ಟು ವರ್ಷ ದುಃಖಕ್ಕೆ, ಬೇಸರಕ್ಕೆ, ಒಂಟಿತನಕ್ಕೆ ಇದ್ದ ಒಂದೇ ಆಸರೆ ತಿನ್ನುವುದು. ಬದುಕಿನ ಅತಿ ಹೆಚ್ಚು ಆತಂಕದ ಎರಡು ವಾರ ಬಂದಾಗ ಆ ಆಸರೆಯನ್ನೇ ನಾವು ಕಿತ್ತುಕೊಳ್ಳುತ್ತೇವೆ. ಅಳು ಬರುತ್ತದೆ, ಮನೆಯವರ ಮೇಲೆ ಕೂಗಾಡುತ್ತಾರೆ, ಕೆಲವರು ಯಾರಿಗೂ ಕಾಣದಂತೆ ‘ಇನ್ನು ಮೇಲೆ ಸಿಗುವುದಿಲ್ಲವಲ್ಲ’ ಎಂದು ಒಂದೇ ರಾತ್ರಿ ವಿಪರೀತ ತಿಂದುಬಿಡುತ್ತಾರೆ. ಆಮೇಲೆ ಪಶ್ಚಾತ್ತಾಪದಲ್ಲಿ ಬೇಯುತ್ತಾರೆ.

ಹಾಗೆ ಆದರೆ ಬಂದು ಹೇಳಿ. ಬೈಯುವುದಿಲ್ಲ. ಅದು ಮನೋಬಲದ ಕೊರತೆ ಎಂದು ನಾನು ಒಪ್ಪುವುದಿಲ್ಲ, ಅದು ಹಳೆಯ ಜೊತೆಗಾರನನ್ನು ಕಳೆದುಕೊಳ್ಳುವ ದುಃಖ. ಅದಕ್ಕೆ ದುಃಖಕ್ಕೆ ಸಿಗಬೇಕಾದ ಮರ್ಯಾದೆಯೇ ಸಿಗಬೇಕು. ಒಬ್ಬ ಹುಡುಗಿ ನೋಟ್‌ಬುಕ್ಕಿನಲ್ಲಿ ‘ತಿನ್ನಬೇಕು ಅನ್ನಿಸಿದಾಗ ನಿಜವಾಗಿ ಏನು ಬೇಕಿತ್ತು’ ಎಂದು ಹದಿನಾಲ್ಕು ದಿನ ಬರೆದಳು. ಹಸಿವು ಎಂದು ಬರೆದದ್ದಕ್ಕಿಂತ ‘ಅಮ್ಮನ ಜೊತೆ ಮಾತು’ ಎಂದು ಬರೆದದ್ದೇ ಹೆಚ್ಚಿತ್ತು. ತಿನ್ನುವುದರ ಜಾಗದಲ್ಲಿ ಏನು ಇಡಬೇಕು ಎಂಬುದನ್ನು ಆಪರೇಷನ್‌ಗೆ ಮೊದಲೇ ಹುಡುಕಿಕೊಳ್ಳುವುದು ಮುಖ್ಯ, ಯಾಕೆಂದರೆ ಆಮೇಲೆ ಕೆಲವರಲ್ಲಿ ಆ ಖಾಲಿ ಜಾಗಕ್ಕೆ ಕುಡಿತ ಬಂದು ಕೂರುತ್ತದೆ. ತೂಕ ಇಳಿಸಲು ಮಾಡುವ ಇನ್ನೊಂದು ಆಪರೇಷನ್, ಅಂದರೆ ಜಠರವನ್ನು ಪುಟ್ಟದಾಗಿಸಿ ಕರುಳಿಗೆ ಜೋಡಿಸುವ ಗ್ಯಾಸ್ಟ್ರಿಕ್ ಬೈಪಾಸ್ ಆದವರಿಗೆ ಮದ್ಯ ಬೇಗನೆ, ಹೆಚ್ಚು ತೀವ್ರವಾಗಿ ತಲೆಗೇರುತ್ತದೆ.

ಆಪ್ತಸಮಾಲೋಚಕರ ಬಳಿ ಕಳಿಸಿದರೆ ‘ನನ್ನನ್ನು ಫೇಲ್ ಮಾಡಿಬಿಡುತ್ತಾರೆ’ ಎಂಬ ಭಯ ಬಹಳ ಜನಕ್ಕೆ. ಅದಕ್ಕೆ ಗುಟ್ಟಾಗಿ ತಿನ್ನುವುದನ್ನು, ಹಳೆಯ ಖಿನ್ನತೆಯನ್ನು ಬಚ್ಚಿಡುತ್ತಾರೆ. ಅದು ಪರೀಕ್ಷೆಯಲ್ಲ. ಅಲ್ಲಿ ಹೇಳಿದ್ದಕ್ಕೆ ಆಪರೇಷನ್ ಸಾಮಾನ್ಯವಾಗಿ ತಪ್ಪಿಹೋಗುವುದಿಲ್ಲ, ಹೆಚ್ಚೆಂದರೆ ಕೆಲವು ವಾರ ಮುಂದೆ ಹೋಗುತ್ತದೆ. ನಾನು ಕಂಡ ಅತ್ಯಂತ ಕಷ್ಟದ ಚೇತರಿಕೆಗಳು, ‘ನನಗೆ ಯಾವ ಭಯವೂ ಇಲ್ಲ’ ಎಂದು ನಗುತ್ತಾ ಬಂದವರದ್ದು. ಮೊದಲ ಕೆಲವು ವಾರಗಳಲ್ಲಿ ‘ಯಾಕಾದರೂ ಮಾಡಿಸಿಕೊಂಡೆನೋ’ ಎಂದು ಅನೇಕರಿಗೆ ಅನ್ನಿಸುತ್ತದೆ, ಮೂರು ನಾಲ್ಕು ತಿಂಗಳಿಗೆ ಕೂದಲು ಉದುರುತ್ತದೆ, ಹೆಚ್ಚಿನವರಿಗೆ ಮತ್ತೆ ಬರುತ್ತದೆ. ಚರ್ಮ ಜೋತು ಬೀಳುತ್ತದೆ. ಬಿ12, ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆಗಳು ಜೀವನವಿಡೀ ಇರುತ್ತವೆ. ಇದನ್ನೆಲ್ಲ ಮೊದಲೇ ಕೇಳಿ ಹೆದರಿದವರು ಆಮೇಲೆ ಗಾಬರಿಯಾಗಲಿಲ್ಲ. ಕೇಳದವರು ತಮಗೆ ಮಾತ್ರ ಹೀಗಾಗುತ್ತಿದೆ ಎಂದುಕೊಂಡರು.

ಕೈಯಲ್ಲಿ ಮಾಡುವಂಥದ್ದು ಏನಾದರೂ ಹೇಳಿ ಎನ್ನುತ್ತೀರಿ. ಉಸಿರು. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಹೊರಗೆ ಬಿಡುವ ಉಸಿರು ಉದ್ದವಾದಾಗ ವೇಗಸ್ ನರದ ಮೂಲಕ ಹೃದಯದ ಬಡಿತ ನಿಧಾನವಾಗುತ್ತದೆ. ಭಯ ಬಂದ ಮೇಲೆ ಶುರುಮಾಡಿದರೆ ಪ್ರಯೋಜನ ಕಡಿಮೆ, ದಿನಾ ಹತ್ತು ನಿಮಿಷ, ಇವತ್ತಿನಿಂದಲೇ. ನಿಮ್ಮನ್ನು ಮಲಗಿಸುವ ಮೊದಲು ಮೂರು ನಾಲ್ಕು ನಿಮಿಷ ಮುಖಕ್ಕೆ ಮಾಸ್ಕ್ ಇಟ್ಟು ಆಮ್ಲಜನಕ ಕೊಡುತ್ತೇವೆ. ಆಗ ಬೇಕಾಗುವುದೂ ಇದೇ ಉಸಿರು. ಮಾಸ್ಕ್ ಕಂಡರೆ ಉಸಿರುಗಟ್ಟಿದಂತಾಗುತ್ತದೆ ಎಂದಾದರೆ ಮೊದಲೇ ಹೇಳಿ, ಅದನ್ನು ನಿಮ್ಮ ಕೈಗೇ ಕೊಡುತ್ತೇವೆ, ನೀವೇ ಹಿಡಿದುಕೊಳ್ಳಬಹುದು. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ತನ್ನಿ. ಕೇಳಲು ನಾಚಿಕೆಯಾಗುವ ಪ್ರಶ್ನೆಯನ್ನು ಮೊದಲ ಸಾಲಿಗೇ ಬರೆಯಿರಿ, ಇಲ್ಲದಿದ್ದರೆ ಅದು ಬಾಗಿಲವರೆಗೂ ಹೊರಬರುವುದಿಲ್ಲ.

ಮನೆಯವರಿಗೆ ಒಂದು ಕೋರಿಕೆ. ‘ಏನೂ ಆಗಲ್ಲ’ ಅನ್ನುವ ಬದಲು ‘ಯಾವುದಕ್ಕೆ ಹೆದರಿಕೆ?’ ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಎಷ್ಟು ಕೇಳಿದರೂ, ಎಷ್ಟು ತಿಳಿದರೂ ಮನಸ್ಸು ಒಪ್ಪದಿದ್ದರೆ ದಿನಾಂಕ ಮುಂದೂಡಬಹುದು. ಬೇಡ ಎನ್ನುವ ಹಕ್ಕು ಸ್ಟ್ರೆಚರ್ ಮೇಲೆ ಮಲಗಿದ ಮೇಲೂ ನಿಮ್ಮದೇ. ಹಾಗೆ ಮುಂದೂಡಿ, ನಾಲ್ಕು ತಿಂಗಳ ನಂತರ ತಾನಾಗಿ ಬಂದವರನ್ನು ಮಲಗಿಸಿದ್ದೇನೆ. ಬರದೆ ಇದ್ದವರನ್ನು ತಪ್ಪು ಎಂದು ಯಾವತ್ತೂ ಅಂದಿಲ್ಲ.

ಕಳೆದ ತಿಂಗಳು ಒಬ್ಬ ಅಜ್ಜಿ ಬಂದಿದ್ದರು. ಅವರ ಚೀಟಿಯಲ್ಲಿ ಒಂದೇ ಸಾಲು: ‘ಕನ್ನಡಕ ಕೊನೆಗೆ ತೆಗೆಯಿರಿ.’ ಕನ್ನಡಕ ಇಲ್ಲದಿದ್ದರೆ ಸುತ್ತ ಇರುವವರ ಮುಖ ಮಸುಕು, ಯಾರು ಏನು ಮಾಡುತ್ತಿದ್ದಾರೆ ತಿಳಿಯುವುದಿಲ್ಲ, ಅದೇ ಭಯವಂತೆ. ಕೇಸ್ ಶೀಟಿನ ಮೇಲೆ ಅದನ್ನು ದಪ್ಪಕ್ಷರದಲ್ಲಿ ಬರೆದೆ. ಆ ಬೆಳಿಗ್ಗೆ ಅವರು ಕನ್ನಡಕ ಹಾಕಿಕೊಂಡೇ ಟೇಬಲ್ ಮೇಲೆ ಮಲಗಿದರು. ಮಾಸ್ಕನ್ನು ತಮ್ಮ ಕೈಯಲ್ಲೇ ಹಿಡಿದುಕೊಂಡು ಒಬ್ಬೊಬ್ಬರ ಮುಖ ನೋಡಿದರು. ರೆಪ್ಪೆ ಮುಚ್ಚಿದ ಮೇಲೆ ಸಿಸ್ಟರ್ ಕನ್ನಡಕ ತೆಗೆದು, ಒರೆಸಿ, ಹೆಸರು ಬರೆದ ಡಬ್ಬಿಯಲ್ಲಿಟ್ಟರು. ಎರಡು ಗಂಟೆಯ ನಂತರ, ರಿಕವರಿಯಲ್ಲಿ ಅಜ್ಜಿ ಪೂರ್ತಿ ಎಚ್ಚರವಾಗುವ ಹೊತ್ತಿಗೆ, ಅದು ಮತ್ತೆ ಮೂಗಿನ ಮೇಲಿತ್ತು.